ತಂಡವನ್ನು ಯಾರ ಸುತ್ತ ಕಟ್ಟಬೇಕು: ಒಕ್ಕದ ಹಾಕಿಯಲ್ಲಿ ನನ್ನ ಅನುಭವ

ನಮ್ಮ ಒಕ್ಕದ, ಅಂದರೆ ಕೊಡವ ಮನೆತನದ, ಹಾಕಿ ತಂಡವನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲೆ ಬಿದ್ದ ವರ್ಷ, ಮೊದಲ ಸಭೆಯಲ್ಲೇ ನಾನೊಂದು ತಪ್ಪು ಮಾಡಿದೆ. ಬೆಂಗಳೂರಿನ ಲೀಗ್‌ನಲ್ಲಿ ಆಡುತ್ತಿದ್ದ, ಡ್ರ್ಯಾಗ್ ಫ್ಲಿಕ್‌ನಲ್ಲಿ, ಅಂದರೆ ಚೆಂಡನ್ನು ಸ್ಟಿಕ್‌ನಿಂದ ಎಳೆದು ಗೋಲಿನತ್ತ ಚಿಮ್ಮಿಸುವುದರಲ್ಲಿ, ಒಳ್ಳೆಯ ಹೆಸರಿದ್ದ ನಮ್ಮ ಹುಡುಗನೊಬ್ಬನನ್ನು ತೋರಿಸಿ, ‘ಈ ಸಲ ತಂಡ ಇವನ ಸುತ್ತ’ ಎಂದುಬಿಟ್ಟೆ. ಹಿರಿಯರೆಲ್ಲ ತಲೆಯಾಡಿಸಿದರು. ಎರಡನೆಯ ಸುತ್ತಿನಲ್ಲಿ ಸೋತು ಮನೆಗೆ ಬಂದೆವು. ಆ ಎರಡು ಪಂದ್ಯಗಳಲ್ಲಿ ಎದುರಾಳಿ ತನ್ನ ಗೋಲಿನ ಬಳಿ ತಪ್ಪು ಮಾಡಿದಾಗ ಸಿಗುವ, ಫ್ಲಿಕ್‌ಗೆ ಅವಕಾಶ ಕೊಡುವ ಪೆನಾಲ್ಟಿ ಕಾರ್ನರ್‌ಗಳು ಮೂರೇ. ಗೋಲಾಗಿದ್ದು ಒಂದೂ ಇಲ್ಲ.

ಕೊಡವ ಕುಟುಂಬಗಳ ಹಾಕಿಯನ್ನು ಕಾಣದವರಿಗಾಗಿ ಇಲ್ಲಿ ಎರಡು ಮಾತು ಹೇಳಬೇಕು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಇದನ್ನು ಆರಂಭಿಸಿದಾಗ 60 ಕುಟುಂಬಗಳು ಆಡಿದ್ದವು. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ನಲ್ಲಿ ಆ ಸಂಖ್ಯೆ 360ಕ್ಕೆ ಏರಿತ್ತು. ಇಲ್ಲಿ ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವಂತಿಲ್ಲ, ಪಕ್ಕದ ಮನೆಯಿಂದ ಎರವಲು ತರುವಂತಿಲ್ಲ. ಒಕ್ಕ ಕೊಟ್ಟವರೇ ಆಟಗಾರರು: ಶಾಲೆಗೆ ಹೋಗುವ ಹುಡುಗ, ಸೇನೆಯಿಂದ ನಿವೃತ್ತರಾದ ದೊಡ್ಡಪ್ಪ, ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ ಹೆಣ್ಣುಮಗಳು, ವರ್ಷಕ್ಕೊಮ್ಮೆ ಸ್ಟಿಕ್ ಹಿಡಿಯುವ ತೋಟದ ಮಾಲೀಕ, ಎಲ್ಲರೂ ಒಂದೇ ಹನ್ನೊಂದರಲ್ಲಿ ನಿಲ್ಲುತ್ತಾರೆ. ಹೀಗೆ ಏರುಪೇರಾದ ತಂಡದಲ್ಲಿ ಒಬ್ಬ ಆಟಗಾರನ ನಿಜವಾದ ಬೆಲೆ ಎಷ್ಟೆಂಬುದು ವೃತ್ತಿಪರ ತಂಡದಲ್ಲಿ ಕಾಣುವುದಕ್ಕಿಂತ ಬೇಗ ಕಾಣುತ್ತದೆ ಎಂಬುದು ನನ್ನ ಅನಿಸಿಕೆ.

ನನ್ನ ಮೊದಲ ಆಯ್ಕೆ ಏಕೆ ತಪ್ಪಿತು ಎಂಬುದಕ್ಕೆ ಅರ್ಧ ಕಾರಣ ಮೈದಾನದ್ದು. ಡ್ರ್ಯಾಗ್ ಫ್ಲಿಕ್ ಎಂಬುದು ಟರ್ಫ್ ಎಂಬ ಕೃತಕ ಹುಲ್ಲುಹಾಸಿನ ಮೇಲೆ ಬೆಳೆದ ವಿದ್ಯೆ. ಚೆಂಡು ಸ್ಟಿಕ್‌ಗೆ ಅಂಟಿಕೊಂಡಂತೆ ಒಂದಷ್ಟು ದೂರ ನೆಲದ ಮೇಲೆ ಜಾರಿಬಂದರೆ ಮಾತ್ರ ಅದಕ್ಕೆ ವೇಗ ಬರುತ್ತದೆ. ಮಣ್ಣು ಮತ್ತು ಹುಲ್ಲಿನ ನಮ್ಮ ಮೈದಾನದಲ್ಲಿ ಒಂದು ಸಣ್ಣ ಕಲ್ಲು ಸಿಕ್ಕರೂ ಚೆಂಡು ಪುಟಿಯುತ್ತದೆ. ಗೋಲಿನ ಮುಂದಿನ ಅರ್ಧವೃತ್ತವಾದ ‘ಡಿ’ಯ ಅಂಚಿನಲ್ಲಿ ಚೆಂಡನ್ನು ನಿಲ್ಲಿಸುವವನ ಕೈಯೂ ಅಷ್ಟೇ ನಿಖರವಾಗಿರಬೇಕು, ಮತ್ತು ನಮ್ಮಲ್ಲಿ ಆ ಕೆಲಸ ಮಾಡುತ್ತಿದ್ದವರು ಕನ್ನಡಕ ಮರೆತು ಬಂದಿದ್ದ ಚಿಕ್ಕಪ್ಪ. ಉಳಿದರ್ಧ ಕಾರಣ ಆಟದ್ದೇ. ಪೆನಾಲ್ಟಿ ಕಾರ್ನರ್ ಹೊಡೆಯುವವನಿಗೆ ಮೊದಲು ಯಾರಾದರೂ ಅದನ್ನು ಗಳಿಸಿ ಕೊಡಬೇಕು. ಚೆಂಡನ್ನು ಡಿ ಒಳಗೆ ಒಯ್ಯುವವರೇ ಇಲ್ಲದ ತಂಡದಲ್ಲಿ ಫ್ಲಿಕ್ಕರ್ ಇರುವುದು ಬೀಗವಿಲ್ಲದ ಬಾಗಿಲಿಗೆ ಕೀಲಿಕೈ ಮಾಡಿಸಿದ ಹಾಗೆ.

ಇದರಿಂದ ಫ್ಲಿಕ್ಕರ್‌ಗಳು ತಂಡದ ಕೇಂದ್ರವಾಗಲಾರರು ಎಂದು ಯಾರೂ ತಿಳಿಯಬಾರದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತ ಹೊಡೆದ 15 ಗೋಲುಗಳಲ್ಲಿ 10 ಹರ್ಮನ್‌ಪ್ರೀತ್ ಸಿಂಗ್ ಅವರದು. ಕಂಚಿನ ಪದಕದ ಪಂದ್ಯದಲ್ಲಿ ಸ್ಪೇನ್ ವಿರುದ್ಧದ ಎರಡೂ ಗೋಲುಗಳು ಅವರವೇ. ಅದೇ ವರ್ಷದ ಹಾಕಿ ಇಂಡಿಯಾ ಲೀಗ್ ಹರಾಜಿನಲ್ಲಿ ಅವರಿಗೆ 78 ಲಕ್ಷ ರೂಪಾಯಿ ಸಿಕ್ಕಿದ್ದರಲ್ಲಿ ಅಚ್ಚರಿಯಿಲ್ಲ. ನಮ್ಮ ಕೊಡಗಿನ ವಿ.ಆರ್. ರಘುನಾಥ್ ಅವರಿಗೂ ಆ ಲೀಗ್‌ನ ಮೊದಲ ಹರಾಜಿನಲ್ಲಿ ದೊಡ್ಡ ಬೆಲೆಯೇ ಬಂದಿತ್ತು. ಆದರೆ ಅಂಥ ತಂಡಗಳಲ್ಲಿ ಉಳಿದ ಹತ್ತು ಮಂದಿಯೂ ಚೆಂಡನ್ನು ಹಿಡಿಯಬಲ್ಲವರು, ಒಯ್ಯಬಲ್ಲವರು. ಅದಿಲ್ಲದ ಕಡೆ ನಾನು ಅವರ ಲೆಕ್ಕವನ್ನು ನಕಲು ಮಾಡಿದ್ದೆ.

ಮರುವರ್ಷ ನಾನು ನೋಡುವ ಕ್ರಮವನ್ನೇ ಬದಲಿಸಿಕೊಂಡೆ. ಅಭ್ಯಾಸ ಪಂದ್ಯಗಳಲ್ಲಿ ಚೆಂಡಿನ ಹಿಂದೆ ಕಣ್ಣು ಓಡಿಸುವುದನ್ನು ಬಿಟ್ಟು, ಒಂದು ಅವಧಿಯ ಉದ್ದಕ್ಕೂ ಒಬ್ಬನನ್ನೇ, ಅದರಲ್ಲೂ ಅವನ ಬಳಿ ಚೆಂಡು ಇಲ್ಲದಿರುವಾಗ ನೋಡತೊಡಗಿದೆ. ಇದು ಕೇಳಲು ಸುಲಭ, ಮಾಡಲು ಕಷ್ಟ. ಗೋಲಾದಾಗ ಕಣ್ಣು ತಾನಾಗಿ ಆ ಕಡೆ ಹೊರಳುತ್ತದೆ. ಹೀಗೆ ನೋಡುತ್ತಿದ್ದಾಗ ಮೈದಾನದ ನಡುಮಧ್ಯದ ಸೆಂಟರ್ ಹಾಫ್ ಜಾಗದಲ್ಲಿ ನಿಲ್ಲುತ್ತಿದ್ದ, ಬ್ಯಾಂಕಿನಲ್ಲಿ ಕೆಲಸ ಮಾಡುವ, ರಜೆ ಹಾಕಿ ಊರಿಗೆ ಬರುತ್ತಿದ್ದ ನನ್ನ ತಮ್ಮನ ವರಸೆಯವನೊಬ್ಬ ಗಮನಕ್ಕೆ ಬಂದ. ಅವನು ವೇಗದ ಓಟಗಾರನಲ್ಲ. ಹಿಂದಿನ ವರ್ಷ ನಾನು ಅವನನ್ನು ಜಾಗ ತುಂಬಲು ನಿಲ್ಲಿಸಿದ್ದೆನೇ ಹೊರತು ಅವನ ಬಗ್ಗೆ ಯೋಚಿಸಿರಲಿಲ್ಲ. ಚೆಂಡು ತನ್ನತ್ತ ಹೊರಡುವ ಮುಂಚೆಯೇ ಅವನು ಎರಡು ಸಲ ಭುಜದ ಮೇಲಿಂದ ಹಿಂದೆ ನೋಡುತ್ತಿದ್ದ. ಹಾಗೆ ನೋಡಿದ್ದರಿಂದ ಚೆಂಡು ಬಂದಾಗ ಅವನ ಮೈ ಆಗಲೇ ಅರ್ಧ ತಿರುಗಿರುತ್ತಿತ್ತು; ಮೊದಲ ಸ್ಪರ್ಶದಲ್ಲೇ ಚೆಂಡು ಎದುರಾಳಿಯಿಂದ ದೂರದ ಕಡೆಗೆ ಸರಿಯುತ್ತಿತ್ತು. ಚೆಂಡು ಕೈತಪ್ಪಿದರೆ ಅಂಪೈರ್ ಕಡೆ ಕೈ ಎತ್ತುತ್ತಿರಲಿಲ್ಲ, ತಲೆ ಬಗ್ಗಿಸುತ್ತಿರಲಿಲ್ಲ. ಮುಂದಿನ ನಾಲ್ಕೈದು ಸೆಕೆಂಡಿನಲ್ಲಿ ಅವನು ಗೋಲಿಗೂ ಚೆಂಡಿಗೂ ನಡುವೆ ಬಂದು ಸ್ಟಿಕ್ಕನ್ನು ನೆಲಕ್ಕೆ ತಾಗಿಸಿ ನಿಂತಿರುತ್ತಿದ್ದ. ಟ್ಯಾಕಲ್‌ಗೆ ನುಗ್ಗದೆ ಎದುರಾಳಿಯನ್ನು ಬದಿಗೆರೆಯತ್ತ ತಳ್ಳಿಕೊಂಡು ಹೋಗುತ್ತಿದ್ದ.

ಇಷ್ಟು ಯಾವುದೇ ತರಬೇತುದಾರ ಗುರುತಿಸಬಹುದು. ನನಗೆ ನಿಜವಾಗಿ ದಾರಿ ತೋರಿಸಿದ್ದು ನಾನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟ ತಪ್ಪುಗಳ ಲೆಕ್ಕ. ಅದು ಅವನ ತಪ್ಪುಗಳ ಲೆಕ್ಕವಲ್ಲ, ಅವನ ಅಕ್ಕಪಕ್ಕದವರದ್ದು. ನಮ್ಮ ರೈಟ್ ಬ್ಯಾಕ್, ಅಂದರೆ ಬಲಬದಿಯ ರಕ್ಷಣೆಯ ಆಟಗಾರ, ವಯಸ್ಸಿನಲ್ಲಿ ಐವತ್ತರ ಸಮೀಪದವರು, ಪ್ರತಿ ಪಂದ್ಯದಲ್ಲೂ ಚೆಂಡು ಕಳೆದುಕೊಳ್ಳುವವರೆಂದು ಮನೆಯಲ್ಲೇ ತಮಾಷೆಗೆ ಗುರಿಯಾಗಿದ್ದರು. ಈ ಹುಡುಗ ಅವರ ಮುಂದೆ ನಿಂತಾಗ ಅವರು ಚೆಂಡು ಕಳೆದುಕೊಳ್ಳುವುದು ಅರ್ಧಕ್ಕಿಂತ ಕಡಿಮೆಯಾಗುತ್ತಿತ್ತು. ಕಾರಣ ಸರಳವಾಗಿತ್ತು: ಅವರ ಕಾಲಬಳಿ ಚೆಂಡು ಬಂದಾಗಲೆಲ್ಲ ಇವನು ಹತ್ತು ಗಜ ದೂರದಲ್ಲಿ, ಎದುರಾಳಿಯ ನೆರಳಿನಿಂದ ಹೊರಗೆ, ಚೆಂಡು ಕೇಳುವ ಜಾಗದಲ್ಲಿ ಇರುತ್ತಿದ್ದ. ಆ ಹಿರಿಯರು ಡ್ರಿಬಲ್ ಮಾಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ. ಅದೇ ಜಾಗದಲ್ಲಿ ಬೇರೊಬ್ಬನನ್ನು, ಇವನಿಗಿಂತ ಚುರುಕಾದವನನ್ನು ನಿಲ್ಲಿಸಿ ನೋಡಿದೆ. ಹಿರಿಯರು ಮತ್ತೆ ಚೆಂಡು ಕಳೆದುಕೊಳ್ಳತೊಡಗಿದರು. ಅಂದಿನಿಂದ ನನಗೆ ಒಂದೇ ಅಳತೆಗೋಲು. ಯಾರು ಆಡುವಾಗ ಪಕ್ಕದವರು ತಮ್ಮ ಯೋಗ್ಯತೆಗಿಂತ ಚೆನ್ನಾಗಿ ಆಡುತ್ತಾರೋ ಅವರ ಸುತ್ತ ತಂಡ ಕಟ್ಟುತ್ತೇನೆ. ಯಾರೊಬ್ಬರೇ ಚೆನ್ನಾಗಿ ಆಡಿದಂತೆ ಕಾಣುತ್ತಾರೋ ಅವರಿಗೂ ತಂಡದಲ್ಲಿ ಜಾಗವಿದೆ, ಆದರೆ ಅಂಚಿನಲ್ಲಿ.

ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರ ಓಟವನ್ನು ನೋಡಿ ಬೆಳೆದ ಹುಡುಗರಿಗೆ ಈ ಮಾತು ರುಚಿಸುವುದಿಲ್ಲವೆಂದು ಗೊತ್ತು. ಅಂಥ ವೇಗ ದೇವರು ಕೊಟ್ಟ ವರ. ಆದರೆ ಆ ವೇಗಕ್ಕೆ ಸರಿಯಾದ ಕ್ಷಣದಲ್ಲಿ ಖಾಲಿ ಜಾಗಕ್ಕೆ ಚೆಂಡು ಬಿಡುವವನು ಹಿಂದೆ ಇರಲೇಬೇಕು. 1975ರಲ್ಲಿ ವಿಶ್ವಕಪ್ ಗೆದ್ದ ಭಾರತ ತಂಡದಲ್ಲಿ ನಮ್ಮ ಬಿ.ಪಿ. ಗೋವಿಂದ ಅವರಂಥ ಚುರುಕಿನ ಮುನ್ಪಡೆಯಿತ್ತು. ನಾಯಕರಾಗಿದ್ದವರು ಸೆಂಟರ್ ಹಾಫ್ ಅಜಿತ್‌ಪಾಲ್ ಸಿಂಗ್.

ಒಕ್ಕದ ತಂಡದಲ್ಲಿ ಇನ್ನೊಂದು ತೊಡಕಿದೆ, ಅದನ್ನು ಯಾವ ತರಬೇತಿ ಶಿಬಿರದಲ್ಲೂ ಹೇಳಿಕೊಡುವುದಿಲ್ಲ. ಮಧ್ಯದಲ್ಲಿ ನಿಲ್ಲುವವನು ಎಲ್ಲರಿಗೂ ನಿರ್ದೇಶನ ಕೊಡಬೇಕು. ಆದರೆ ದೊಡ್ಡಪ್ಪನಿಗೆ ‘ಹಿಂದೆ ಬನ್ನಿ’ ಎಂದು ಎಲ್ಲರೆದುರು ಕೂಗುವುದು ನಮ್ಮ ಹುಡುಗರಿಂದ ಆಗುವ ಕೆಲಸವಲ್ಲ. ನಮ್ಮ ಸೆಂಟರ್ ಹಾಫ್ ಅದನ್ನು ಬಾಯಿಂದ ಹೇಳದೆ ಪಾಸ್‌ನಿಂದಲೇ ಹೇಳುತ್ತಿದ್ದ. ದೊಡ್ಡಪ್ಪ ಮುಂದಕ್ಕೆ ಓಡಬೇಕೆಂದಿದ್ದರೆ ಚೆಂಡನ್ನು ಅವರ ಮುಂದಿನ ಜಾಗಕ್ಕೆ ಬಿಡುತ್ತಿದ್ದ. ನಿಂತು ಹಿಡಿಯಬೇಕೆಂದಿದ್ದರೆ ನೇರ ಸ್ಟಿಕ್‌ಗೆ, ಮೆಲ್ಲಗೆ. ಒಂದು ಅಭ್ಯಾಸದ ನಂತರ ದೊಡ್ಡಪ್ಪನೇ ನನ್ನ ಬಳಿ ಬಂದು, ‘ಇವ ಕೊಟ್ಟರೆ ಎಲ್ಲಿಗೆ ಹೋಗಬೇಕು ಅಂತ ಯೋಚನೆ ಮಾಡೋದೇ ಬೇಡ ಕಣೋ’ ಎಂದರು.

ಸಿಟ್ಟಿನ ವಿಚಾರದಲ್ಲೂ ನಾನು ಕಟ್ಟುನಿಟ್ಟಾದೆ. ಹಸಿರು ಕಾರ್ಡ್ ಎಂದರೆ ಎರಡು ನಿಮಿಷ, ಹಳದಿ ಎಂದರೆ ಕನಿಷ್ಠ ಐದು ನಿಮಿಷ ಹೊರಗೆ. ಅಂಚಿನ ಆಟಗಾರ ಹೊರಹೋದರೆ ತಂಡ ಹೇಗೋ ತಡೆದುಕೊಳ್ಳುತ್ತದೆ, ನಡುವಿನವನು ಹೋದರೆ ಇಡೀ ಮನೆಯ ತೊಲೆ ಕಳಚಿದಂತೆ. ಪ್ಯಾರಿಸ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಅಮಿತ್ ರೋಹಿದಾಸ್ 17ನೆಯ ನಿಮಿಷದಲ್ಲೇ ಕೆಂಪು ಕಾರ್ಡ್ ಪಡೆದು ಹೊರನಡೆದ ಮೇಲೆ, 40ಕ್ಕೂ ಹೆಚ್ಚು ನಿಮಿಷ ಹತ್ತೇ ಮಂದಿ ಬ್ರಿಟನ್ ತಂಡವನ್ನು 1-1ರಲ್ಲಿ ತಡೆದು ಶೂಟೌಟ್‌ನಲ್ಲಿ 4-2ರಿಂದ ಗೆದ್ದರಲ್ಲ, ಅಲ್ಲಿ ಶ್ರೀಜೇಶ್ ಅವರ ಗೋಲ್‌ಕೀಪಿಂಗ್ ಜೊತೆಗೆ ನಾನು ನಮ್ಮವರಿಗೆ ಪದೇಪದೇ ತೋರಿಸಿದ್ದು ಮಧ್ಯಮ ಪಡೆಯ ಮನ್‌ಪ್ರೀತ್ ಸಿಂಗ್ ರಕ್ಷಣೆಯ ಸಾಲಿಗೆ ಇಳಿದು ಆಡಿದ ರೀತಿಯನ್ನು. ತನ್ನ ಜಾಗವನ್ನು ಬಿಟ್ಟು ತಂಡಕ್ಕೆ ಬೇಕಾದ ಜಾಗದಲ್ಲಿ ಅಷ್ಟೇ ಸಮಾಧಾನದಿಂದ ನಿಲ್ಲಬಲ್ಲವರು ವಿರಳ.

ಎರಡು ವರ್ಷ ನಮ್ಮ ಈ ಸೆಂಟರ್ ಹಾಫ್ ಹುಡುಗನ ಸುತ್ತ ಆಡಿದೆವು. ಮೊದಲನೆಯ ವರ್ಷ ನಾಲ್ಕು ಸುತ್ತು ದಾಟಿದೆವು. ಹುಡುಗರಿಗೆ ಅದೇ ಹಬ್ಬ. ದಮ್ಮು ಸಾಲದ ಅವನನ್ನು ಪಂದ್ಯದ ಉದ್ದಕ್ಕೂ ಓಡಿಸದೆ, ಬದಲಿ ಆಟಗಾರರನ್ನು ಎಷ್ಟು ಸಲ ಬೇಕಾದರೂ ಇಳಿಸಬಹುದಾದ ನಿಯಮವನ್ನು ಬಳಸಿ, ಆಗಾಗ ಕೆಲವು ನಿಮಿಷ ಹೊರಗೆ ಕೂರಿಸುತ್ತಿದ್ದೆ. ನಮ್ಮ ಫ್ಲಿಕ್ಕರ್ ಹುಡುಗನನ್ನು ಮುಂದಕ್ಕೆ ಕಳುಹಿಸಿದೆ. ಆರಂಭದಲ್ಲಿ ಅವನು ಮುಖ ಸಿಂಡರಿಸಿಕೊಂಡ. ನೇರ ಹೊಡೆತದಿಂದಲೇ ಗೋಲು ಬರತೊಡಗಿದ ಮೇಲೆ ಸುಮ್ಮನಾದ.

ಮೂರನೆಯ ವರ್ಷ ಸೆಂಟರ್ ಹಾಫ್ ಹುಡುಗನಿಗೆ ರಜೆ ಸಿಗಲಿಲ್ಲ. ಪಂದ್ಯದ ಹಿಂದಿನ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿ, ‘ಅಣ್ಣಾ, ಆಗಲಿಲ್ಲ’ ಎಂದ. ಆ ಜಾಗಕ್ಕೆ, ರೈಟ್ ಹಾಫ್‌ನಲ್ಲಿ ಆಡುತ್ತಿದ್ದ ನಮ್ಮ ಅಣ್ಣನ ಮಗಳನ್ನು ನಿಲ್ಲಿಸಿದೆ. ಅವಳು ಅವನ ಪಕ್ಕದಲ್ಲಿ ಎರಡು ವರ್ಷ ಆಡಿದವಳು. ಆಟ ಆರಂಭವಾಗಿ ಐದು ನಿಮಿಷವೂ ಆಗಿರಲಿಲ್ಲ. ರೈಟ್ ಬ್ಯಾಕ್ ಹಿರಿಯರಿಗೆ ಚೆಂಡು ಬಂತು. ಹತ್ತು ಗಜ ದೂರದಲ್ಲಿ ಅವಳು ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಸ್ಟಿಕ್ಕನ್ನು ನೆಲಕ್ಕೆ ತಾಗಿಸಿ ಚೆಂಡು ಕೇಳಿದಳು. ನಾನು ನೋಟ್‌ಬುಕ್ ತೆರೆದು ಹೊಸ ಪುಟದ ಮೇಲೆ ಅವಳ ಹೆಸರು ಬರೆದೆ.