ಕ್ರಾಸ್ ಕಂಪೈಲರ್ ಬಿಲ್ಡ್ ಫೇಲ್ ಆದಾಗ ನಾನು ಹುಡುಕುವ ಜಾಗ

ಕ್ರಾಸ್ ಕಂಪೈಲರ್ ಎಂದರೆ ಒಂದು ಕಂಪ್ಯೂಟರಿನಲ್ಲಿ ಓಡಿ, ಬೇರೆ ಬಗೆಯ ಯಂತ್ರಕ್ಕೆ (ಅದೇ ಟಾರ್ಗೆಟ್) ಪ್ರೋಗ್ರಾಮ್ ತಯಾರಿಸುವ ಕಂಪೈಲರ್. 64 ಬಿಟ್ ಆರ್ಮ್ ಬೋರ್ಡಿಗೆ ಜಿಸಿಸಿ ಟೂಲ್‌ಚೈನನ್ನು (ಕಂಪೈಲರ್, ಲಿಂಕರ್, ಲೈಬ್ರರಿಗಳ ಗುಂಪು) ಸೋರ್ಸ್‌ನಿಂದ ಕಟ್ಟುವಾಗ ನನ್ನನ್ನು ಜಾಸ್ತಿ ಸತಾಯಿಸಿದ್ದು ಒಂದು ಎರರ್: 'ಲಿಂಕ್ ಟೆಸ್ಟ್ಸ್ ಆರ್ ನಾಟ್ ಅಲೌಡ್ ಆಫ್ಟರ್ ಜಿಸಿಸಿ_ನೋ_ಎಕ್ಸಿಕ್ಯೂಟಬಲ್ಸ್'. ಕಂಪೈಲ್ ಆದ ತುಣುಕುಗಳನ್ನು ಜೋಡಿಸುವ ಲಿಂಕರ್ ಮುಂತಾದವು ಇರುವ ಬಿನ್‌ಯುಟಿಲ್ಸ್ ಸಲೀಸಾಗಿ ಮುಗಿದಿತ್ತು. ಬರೀ ಸಿ ಭಾಷೆಯ ಮೊದಲ ಹಂತದ ಜಿಸಿಸಿ ಬಂದಿತ್ತು, ಅದರಿಂದ ಸಿ ಭಾಷೆಯ ಮೂಲ ಲೈಬ್ರರಿ ಜಿಲಿಬ್‌ಸಿಯೂ ಆಗಿತ್ತು. ಕೊನೆಯ ಜಿಸಿಸಿ ಕಟ್ಟಲು ಹೊರಟರೆ ಸಿ++ ಭಾಷೆಯ ಲೈಬ್ರರಿ ಲಿಬ್‌ಎಸ್‌ಟಿಡಿಸಿ++ ಕಾನ್ಫಿಗರ್ ಆಗುವಾಗ ಎಲ್ಲ ನಿಂತುಹೋಯಿತು.

ಈ ಸಾಲನ್ನೇ ಹಿಡಿದು ಹುಡುಕಿದರೆ ದಾರಿ ತಪ್ಪುತ್ತದೆ. ಕಾನ್ಫಿಗರ್, ಅಂದರೆ ಕಟ್ಟುವ ಮುನ್ನ ಏನೇನು ಇದೆ ಎಂದು ಪರೀಕ್ಷಿಸುವ ಸ್ಕ್ರಿಪ್ಟ್, ಮೊದಲು ಒಂದು ಪುಟ್ಟ ಪ್ರೋಗ್ರಾಮನ್ನು ಹೊಸ ಕಂಪೈಲರ್‌ನಿಂದ ಲಿಂಕ್ ಮಾಡಿ ನೋಡುತ್ತದೆ. ಆಗದಿದ್ದರೆ, ಈ ಟಾರ್ಗೆಟ್‌ಗೆ ಲಿಂಕ್ ಆಗಲ್ಲ ಎಂದು ಗುರುತು ಹಾಕಿಕೊಂಡು ಸುಮ್ನೆ ಮುಂದೆ ಹೋಗುತ್ತದೆ. ಆಮೇಲೆ ಇನ್ನೊಂದು ಲಿಂಕ್ ಟೆಸ್ಟ್ ಬಂದಾಗಲೇ ಕೂಗುವುದು. ನಿಜವಾದ ದೂರು ಅದಕ್ಕಿಂತ ಎಷ್ಟೋ ಮೇಲೆ, ಕಾನ್ಫಿಗ್.ಲಾಗ್ ಫೈಲಿನಲ್ಲಿ ಇರುತ್ತದೆ. ಬಿಲ್ಡ್ ಡೈರೆಕ್ಟರಿಯಲ್ಲಿ ಈ ಹೆಸರಿನ ಫೈಲುಗಳು ಬೇಕಾದಷ್ಟಿವೆ. ನಮಗೆ ಬೇಕಾದ್ದು ಟಾರ್ಗೆಟ್ ಹೆಸರಿನ ಫೋಲ್ಡರಿನೊಳಗೆ, ಫೇಲ್ ಆದ ಲೈಬ್ರರಿಯ ಜೊತೆ ಇರುವುದು. ಅದನ್ನು ಮೇಲಿನಿಂದ ಓದಿದಾಗ ಸಿಕ್ಕಿತು: ಲಿಂಕರ್‌ಗೆ ಸಿಆರ್‌ಟಿ1.ಒ (ಪ್ರೋಗ್ರಾಮನ್ನು ಶುರು ಮಾಡುವ ಕೋಡ್ ಇರುವ, ಜಿಲಿಬ್‌ಸಿಯ ಫೈಲ್) ಕಾಣುತ್ತಿರಲಿಲ್ಲ.

ಫೈಲ್ ಡಿಸ್ಕಿನಲ್ಲೇನೋ ಇತ್ತು. ಕಂಪೈಲರ್ ಹುಡುಕುವ ಜಾಗದಲ್ಲಿ ಇರಲಿಲ್ಲ. ಇದನ್ನು ತಿಳಿಯಲು ಒಂದು ಒಳ್ಳೆಯ ಉಪಾಯವಿದೆ. ಮೊದಲ ಹಂತದ ಕ್ರಾಸ್ ಕಂಪೈಲರ್‌ಗೆ '-ಪ್ರಿಂಟ್-ಫೈಲ್-ನೇಮ್=ಸಿಆರ್‌ಟಿ1.ಒ' ಎಂದು ಕೊಡಿ. ಫೈಲ್ ಸಿಕ್ಕರೆ ಅದರ ಪಾತ್ ತೋರಿಸುತ್ತದೆ. ಸಿಗದಿದ್ದರೆ ನೀವು ಕೊಟ್ಟ ಹೆಸರನ್ನೇ ವಾಪಸ್ ಕೊಡುತ್ತದೆ. ನನಗೆ ಬರೀ ಹೆಸರು ಬಂತು. '-ಪ್ರಿಂಟ್-ಸಿಸ್‌ರೂಟ್' ಕೊಟ್ಟು ನೋಡಿದರೆ ಸಿಸ್‌ರೂಟ್ (ಟಾರ್ಗೆಟ್‌ನ ಹೆಡರ್, ಲೈಬ್ರರಿಗಳನ್ನು ಕಂಪೈಲರ್ ಹುಡುಕುವ ಮೂಲ ಡೈರೆಕ್ಟರಿ) ಒಂದು ಕಡೆ, ಜಿಲಿಬ್‌ಸಿ ಇನ್ನೊಂದು ಕಡೆ!

ಫೈಲುಗಳನ್ನು ಕಾಪಿ ಮಾಡಿ ಸರಿಮಾಡಬಹುದಲ್ವಾ ಅನಿಸುತ್ತದೆ. ಮಾಡಬೇಡಿ. ಲಿಬ್‌ಸಿ.ಎಸ್‌ಒ ನೋಡಲು ಲೈಬ್ರರಿಯಂತಿದ್ದರೂ ಒಳಗಿರುವುದು ಕೆಲವೇ ಸಾಲುಗಳ ಪಠ್ಯ, ಒಂದು ಲಿಂಕರ್ ಸ್ಕ್ರಿಪ್ಟ್. ಜಿಲಿಬ್‌ಸಿಗೆ ಕೊಟ್ಟ ಪ್ರಿಫಿಕ್ಸ್ (ಇನ್‌ಸ್ಟಾಲ್ ಆಗುವ ಜಾಗದ ಪಾತ್) ಪ್ರಕಾರ ಅದರಲ್ಲಿ ಪೂರ್ತಿ ಪಾತ್ ಬರೆದಿರುತ್ತದೆ. ಸ್ಕ್ರಿಪ್ಟ್ ಸಿಸ್‌ರೂಟ್ ಒಳಗಿದ್ದರೆ ಲಿಂಕರ್ ಆ ಪಾತ್‌ನ ಆರಂಭಕ್ಕೆ ಸಿಸ್‌ರೂಟನ್ನು ತಾನೇ ಸೇರಿಸುತ್ತದೆ. ಪ್ರಿಫಿಕ್ಸ್‌ನಲ್ಲೇ ಪೂರ್ತಿ ಜಾಗ ಬರೆದಿದ್ದರೆ ಎರಡೂ ಸೇರಿ ಎಲ್ಲೂ ಇಲ್ಲದ ಪಾತ್ ಆಗುತ್ತದೆ. ಅದಕ್ಕೇ ಜಿಲಿಬ್‌ಸಿಯ ಪ್ರಿಫಿಕ್ಸನ್ನು '/ಯುಎಸ್‌ಆರ್' ಎಂದೇ ಇಟ್ಟು, ಇನ್‌ಸ್ಟಾಲ್ ಮಾಡುವಾಗ ಡೆಸ್ಟ್‌ಡಿರ್‌ನಲ್ಲಿ (ಫೈಲುಗಳನ್ನು ಯಾವ ಡೈರೆಕ್ಟರಿಯೊಳಗೆ ಹಾಕಬೇಕೆಂದು ಹೇಳುವ ಆಯ್ಕೆ) ಸಿಸ್‌ರೂಟ್ ಕೊಟ್ಟೆ. ಖಾಲಿ ಡೈರೆಕ್ಟರಿಯಲ್ಲಿ ಜಿಸಿಸಿಯನ್ನು ಹೊಸದಾಗಿ ಶುರು ಮಾಡಿದೆ. ಆ ಜಾಗ ದಾಟಿತು.

ಖಾಲಿ ಡೈರೆಕ್ಟರಿ ಅಂದೆನಲ್ಲ, ಅದರಲ್ಲಿ ರಾಜಿ ಬೇಡ. ಹಳೆಯ ಕಾನ್ಫಿಗರ್ ಉತ್ತರಗಳು ಅಲ್ಲೇ ಉಳಿದಿರುತ್ತವೆ. ಬಿಲ್ಡ್ ಮೇಲೆ ಪರಿಣಾಮ ಬೀರುವ ಎಲ್‌ಡಿ_ಲೈಬ್ರರಿ_ಪಾತ್, ಸಿಫ್ಲ್ಯಾಗ್ಸ್‌ನಂಥ ವೇರಿಯಬಲ್‌ಗಳೆಲ್ಲವನ್ನೂ ಶೆಲ್‌ನಿಂದ ತೆಗೆದುಬಿಡಿ. ಬಿಲ್ಡ್ ನಡೆಸುವ ಮೇಕ್ ಏಕಕಾಲಕ್ಕೆ ಹಲವು ಜಾಬ್‌ಗಳಲ್ಲಿ ಓಡಿದಾಗ ಮೊದಲ ಎರರ್ ಮೇಲೆಲ್ಲೋ ಹೂತುಹೋಗುತ್ತದೆ, ಆಗ '-ಜೆ1' ಕೊಟ್ಟು ಮತ್ತೆ ಓಡಿಸಿ.

32 ಬಿಟ್ ಆರ್ಮ್ ಕಟ್ಟುವವರಿಗೆ ಇನ್ನೊಂದು ಮಾತು. 'ಸ್ಟಬ್ಸ್-ಸಾಫ್ಟ್.ಎಚ್' ಇಲ್ಲ ಎಂದು ಬಂದರೆ ಆ ಹೆಡರ್ ಹುಡುಕಿ ತರಬೇಡಿ. ಜಿಲಿಬ್‌ಸಿ ಹಾರ್ಡ್ ಫ್ಲೋಟ್‌ಗೆ (ದಶಮಾಂಶ ಲೆಕ್ಕ ಹಾರ್ಡ್‌ವೇರಿನಲ್ಲಿ) ಆಗಿದೆ, ಜಿಸಿಸಿ ಸಾಫ್ಟ್ ಫ್ಲೋಟ್‌ಗೆ (ಅದೇ ಲೆಕ್ಕ ಸಾಫ್ಟ್‌ವೇರಿನಲ್ಲಿ) ಕಟ್ಟುತ್ತಿದೆ ಎಂದರ್ಥ. ಎರಡಕ್ಕೂ ಕೊಟ್ಟ ಟಾರ್ಗೆಟ್ ಹೆಸರು ಮತ್ತು ಫ್ಲೋಟ್ ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ.