ಬೆಂಗಳೂರಿನಲ್ಲಿ ನಡೆಯುವ ಕ್ರಿಸ್‌ಮಸ್ ಪ್ರೇಮಕಥೆ: ಕಿರು ಕಾದಂಬರಿ ಕಟ್ಟುವ ಬಗೆ

ಮೊದಲು ಕ್ಯಾಲೆಂಡರ್ ತೆಗೆದಿಟ್ಟುಕೊಳ್ಳಿ. ನಾಯಕ ನಾಯಕಿಯ ಹೆಸರು ಆಮೇಲೆ. ನಕ್ಷತ್ರದ ದೀಪ, ಕೇಕು, ಕ್ಯಾರಲ್ ಹಾಡು ತೆಗೆದು ಆ ಜಾಗಕ್ಕೆ ದೀಪಾವಳಿ ಹಾಕಿದರೂ ಕಥೆ ಅಲ್ಲಾಡದೆ ನಿಂತರೆ ಅದು ಕ್ರಿಸ್‌ಮಸ್ ಕಥೆಯಲ್ಲ. ಚರ್ಚಿನ ದಿನಗಳೇ ಕಥೆಯನ್ನು ಎಳೆಯಬೇಕು. ಇಬ್ಬರೂ ಮತ್ತೆ ಮತ್ತೆ ಎದುರಾಗುವುದು, ನಿರ್ಧಾರಕ್ಕೆ ಗಡುವು ಬೀಳುವುದು, ಊರ ಬಾಯಿಗೆ ಸುದ್ದಿ ಸಿಗುವುದು ಎಲ್ಲವೂ ಅಲ್ಲಿಂದಲೇ ಬರಬೇಕು.

ಉದ್ದ 18ರಿಂದ 22 ಸಾವಿರ ಪದ ಇರಲಿ. ಇಂಗ್ಲಿಷಿನ ಲೆಕ್ಕ ನೋಡಿ 35 ಸಾವಿರಕ್ಕೆ ಹೋಗಬೇಡಿ. ಕನ್ನಡದ ಒಂದು ಪದ ಎಷ್ಟೋ ಸಲ ಇಂಗ್ಲಿಷಿನ ಎರಡು ಮೂರು ಪದದ ಭಾರ ಹೊರುತ್ತದೆ. 12 ಅಧ್ಯಾಯ, ಒಂದೊಂದೂ ಸುಮಾರು 1,600 ಪದ. ಆಗಮನ ಕಾಲದ (ಅಡ್ವೆಂಟ್, ಕ್ರಿಸ್‌ಮಸ್‌ಗೆ ಮುಂಚಿನ ಸಿದ್ಧತೆಯ ದಿನಗಳು) ನಾಲ್ಕು ಭಾನುವಾರಗಳಿಗೆ ತಲಾ ಎರಡು ಅಧ್ಯಾಯ, ಕ್ಯಾರಲ್ ರಾತ್ರಿಗೆ ಒಂದು, ಡಿಸೆಂಬರ್ 24ಕ್ಕೆ ಎರಡು, ಕೊನೆಯದು ಹಬ್ಬದ ನಂತರದ ಭಾನುವಾರಕ್ಕೆ.

ಯಾವ ವರ್ಷ ಅನ್ನುವುದನ್ನೂ ಈಗಲೇ ನಿರ್ಧರಿಸಿ. ಆಗಮನ ಕಾಲ ಎಲ್ಲ ವರ್ಷ ಒಂದೇ ಉದ್ದ ಇರುವುದಿಲ್ಲ. 22 ದಿನವೂ ಆಗಬಹುದು, 28 ದಿನವೂ ಆಗಬಹುದು. 2023ರಲ್ಲಿ ಕ್ರಿಸ್‌ಮಸ್ ಸೋಮವಾರ ಬಿದ್ದು ನಾಲ್ಕನೇ ಭಾನುವಾರವೂ ಕ್ರಿಸ್‌ಮಸ್ ಹಿಂದಿನ ರಾತ್ರಿಯೂ ಒಂದೇ ದಿನ ಬಂದವು. ಅಂಥ ವರ್ಷ ಆರಿಸಿದರೆ ಕೊನೆಯ ವಾರ ಕೈಗೆ ಸಿಗುವುದಿಲ್ಲ. 2026 ಅನುಕೂಲದ ವರ್ಷ: ಚರ್ಚಿನಲ್ಲಿ ಭಾನುವಾರಕ್ಕೊಂದರಂತೆ ಹಚ್ಚುವ ನಾಲ್ಕು ಮೇಣದಬತ್ತಿಗಳಲ್ಲಿ ಮೊದಲನೆಯದು ನವೆಂಬರ್ 29ಕ್ಕೆ, ಡಿಸೆಂಬರ್ 6, 13, 20ಕ್ಕೆ ಉಳಿದವು, ಶುಕ್ರವಾರ ಹಬ್ಬ. ನಾಲ್ಕರಲ್ಲಿ ಮೂರು ಬತ್ತಿ ನೇರಳೆ. ಮೂರನೇ ಭಾನುವಾರದ್ದು ಗುಲಾಬಿ, ಸಂತೋಷದ ಗುರುತು. ಕಥೆ ನಗುವ ಅಧ್ಯಾಯ ಅಲ್ಲಿಗೆ ಬಿದ್ದರೆ ಚೆಂದ.

ಕಥೋಲಿಕರ ಪೂಜೆಯಲ್ಲಿ ಓದುವ ಬೈಬಲ್ ವಾಚನಗಳೂ ಮೂರು ವರ್ಷಕ್ಕೊಂದು ಸುತ್ತು ಬರುತ್ತವೆ. 2025ರ ನಾಲ್ಕನೇ ಭಾನುವಾರದ ಓದು ಮತ್ತಾಯನ ಮೊದಲ ಅಧ್ಯಾಯ. ಮರಿಯಳನ್ನು ಗುಟ್ಟಾಗಿ ಬಿಟ್ಟುಬಿಡೋಣ ಎಂದು ಜೋಸೆಫ್ ಯೋಚಿಸುವ ಭಾಗ. ನಂಬಿಕೆ ಕಳೆದುಕೊಂಡ ನಾಯಕನಿಗೆ ಇದಕ್ಕಿಂತ ಹತ್ತಿರದ ಓದು ಸಿಗದು. 2026ಕ್ಕೆ ಅದೇ ಭಾನುವಾರ ಲೂಕನ ಮಂಗಳವಾರ್ತೆ ಬರುತ್ತದೆ, ನಿನಗೆ ಮಗ ಹುಟ್ಟುತ್ತಾನೆಂದು ದೇವದೂತ ಮರಿಯಳಿಗೆ ಹೇಳಿ ಅವಳು ಒಪ್ಪಿಕೊಳ್ಳುವ ಭಾಗ. ಅದು ನಾಯಕಿ ಉತ್ತರ ಕೊಡಬೇಕಾದ ಕಥೆಗೆ ಹೊಂದುತ್ತದೆ.

ಹೊಸಬರು ಎಡವುವ ಜಾಗ ಅಂತ್ಯ. ಹಬ್ಬದ ರಾತ್ರಿಯೇ ಮದುವೆ ಮಾಡಿಸಿಬಿಡುತ್ತಾರೆ. ಕಥೋಲಿಕರಲ್ಲಿ ಆಗಮನ ಕಾಲದಲ್ಲಿ ಮದುವೆ ಇಟ್ಟುಕೊಳ್ಳುವುದು ಸಾಮಾನ್ಯವಾಗಿ ರೂಢಿಯಲ್ಲ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯೂ ವಿಶೇಷ ಅನುಮತಿ ಇಲ್ಲದಿದ್ದರೆ ಬೆಳಿಗ್ಗೆ 6ರಿಂದ ಸಂಜೆ 7ರ ಒಳಗೇ ಮದುವೆ ಆಗಬೇಕು ಎನ್ನುತ್ತದೆ. ಅದಕ್ಕೂ ಮೊದಲು ಮೂರು ಭಾನುವಾರ ಚರ್ಚಿನಲ್ಲಿ ಮದುವೆ ಪ್ರಕಟಣೆ ಓದಬೇಕು. ಇದನ್ನು ಅಡ್ಡಿ ಎಂದುಕೊಳ್ಳಬೇಡಿ. ಡಿಸೆಂಬರ್ 27ರ ಬೆಳಿಗ್ಗೆ ಗುರುಗಳು ಮೊದಲ ಸಲ ಇಬ್ಬರ ಹೆಸರು, ಅಪ್ಪಂದಿರ ಹೆಸರು ಓದಿ ‘ಯಾರಿಗಾದರೂ ಆಕ್ಷೇಪಣೆ ಇದ್ದರೆ ತಿಳಿಸಿ’ ಎಂದಾಗ ಹಿಂದಿನ ಸಾಲಿನಲ್ಲಿ ಒಬ್ಬರು ಕೆಮ್ಮಿದರೂ ಸಾಕು, ಓದುಗರ ಎದೆ ಹಾರುತ್ತದೆ. ಮದುವೆ ಜನವರಿಯಲ್ಲಿ ಆಗಿಕೊಳ್ಳಲಿ, ಪುಸ್ತಕದ ಆಚೆ.

ಇನ್ನು ಯಾವ ಚರ್ಚು? ‘ಬೆಂಗಳೂರಿನ ಒಂದು ಚರ್ಚ್’ ಅಂದರೆ ಏನೂ ಹೇಳಿದಂತಾಗಲಿಲ್ಲ. ಕಾರ್ಪೊರೇಷನ್ ಬಳಿಯ ಹಡ್ಸನ್ ಸ್ಮಾರಕ ದೇವಾಲಯ, ಅವೆನ್ಯೂ ರಸ್ತೆಯ ರೈಸ್ ಸ್ಮಾರಕ ದೇವಾಲಯ ಕನ್ನಡ ಪ್ರೊಟೆಸ್ಟೆಂಟರ ನೆಲೆಗಳು. ಶಿವಾಜಿನಗರದ ಸಂತ ಮರಿಯ ಬೆಸಿಲಿಕಾದಲ್ಲಿ ತಮಿಳು, ಕನ್ನಡ, ಇಂಗ್ಲಿಷ್ ಬಲಿಪೂಜೆಗಳು ಬೇರೆ ಬೇರೆ ಹೊತ್ತಿಗೆ. ಒಂದು ಗುಂಪು ಹೊರಬರುವಾಗ ಇನ್ನೊಂದು ಒಳಹೋಗುವ ಹತ್ತು ನಿಮಿಷದ ನೂಕುನುಗ್ಗಲೇ ಒಳ್ಳೆಯ ಭೇಟಿಯ ದೃಶ್ಯ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಎಲ್ಲ ಧರ್ಮದವರೂ ಬರುತ್ತಾರೆ. ನೀವು ಕಟ್ಟುವ ಚರ್ಚು ಕಲ್ಪನೆಯದಾದರೂ ಪಂಗಡ ಸ್ಪಷ್ಟವಿರಲಿ, ಮಾತೂ ಅದಕ್ಕೆ ತಕ್ಕಂತಿರಲಿ. ಬಲಿಪೂಜೆ, ಪರಮಪ್ರಸಾದ, ಜಪಮಾಲೆ, ಫಾದರ್ ಕಥೋಲಿಕರ ಮನೆಯ ಮಾತು. ಆರಾಧನೆ, ಕರ್ತನ ಭೋಜನ, ಸಭಾಪಾಲಕರು (ಪಾಸ್ಟರ್) ಪ್ರೊಟೆಸ್ಟೆಂಟರ ಮನೆಯದು. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್ ಪಂಗಡ) ಅಜ್ಜಿಯ ಕೈಗೆ ಜಪಮಾಲೆ ಕೊಟ್ಟರೆ ಗೊತ್ತಿರುವವರು ಅಲ್ಲೇ ಪುಸ್ತಕ ಮುಚ್ಚುತ್ತಾರೆ. ಹೆಸರಿಗೂ ಇದೇ ಮಾತು. ಹಳೆಯ ಕನ್ನಡ ಕಥೋಲಿಕ ಮನೆಯ ತಾತ ರಾಯಪ್ಪ, ಚೌರಪ್ಪ, ಇನ್ನಾಸಪ್ಪ ಆಗಿರುತ್ತಾರೆ. ಎಲ್ಲರನ್ನೂ ಡೇವಿಡ್, ಸ್ಟೆಲ್ಲಾ ಮಾಡಿದರೆ ಸಿನಿಮಾದ ಕ್ರೈಸ್ತರಾಗುತ್ತಾರೆ.

ಅಡ್ಡಿ ಯಾವುದು? ಒಂದು ಫೋನ್ ಕರೆಯಲ್ಲಿ ಬಗೆಹರಿಯುವ ತಪ್ಪು ತಿಳಿವಳಿಕೆಯಿಂದ 12 ಅಧ್ಯಾಯ ಎಳೆಯಲಾಗದು. ಪಂಗಡದ ಭೇದ ಗಟ್ಟಿ ಅಡ್ಡಿ. ಕಥೋಲಿಕ ಹುಡುಗಿ ಸಿಎಸ್‌ಐ ಹುಡುಗನನ್ನು ತನ್ನ ಚರ್ಚಿನಲ್ಲಿ ಮದುವೆಯಾಗಬಹುದು, ಆದರೆ ಧರ್ಮಾಧ್ಯಕ್ಷರ (ಬಿಷಪ್) ಅನುಮತಿ ಬೇಕು; ಮಕ್ಕಳನ್ನು ಕಥೋಲಿಕ ವಿಶ್ವಾಸದಲ್ಲಿ ಬೆಳೆಸಲು ಕೈಲಾದದ್ದೆಲ್ಲ ಮಾಡುತ್ತೇನೆಂದು ಅವಳು ಮಾತು ಕೊಡಬೇಕು. ಹುಡುಗನ ತಂದೆ ಸಭಾಪಾಲಕರಾಗಿದ್ದರೆ? ಇಲ್ಲಿ ಖಳನಾಯಕನೇ ಬೇಡ, ಎಲ್ಲರೂ ಒಳ್ಳೆಯವರಾಗಿದ್ದೇ ನೋಯಬಹುದು. ಇನ್ನೊಂದು ಜನಪ್ರಿಯ ದಾರಿ, ಬೇರೆ ಧರ್ಮದ ನಾಯಕ ಕೊನೆಯ ಪುಟದಲ್ಲಿ ದೀಕ್ಷಾಸ್ನಾನ ಪಡೆಯುವುದು. ಅದನ್ನು ಬಿಟ್ಟುಬಿಡಿ. ಹುಡುಗಿಗಾಗಿ ಪಡೆದನೋ ದೇವರಿಗಾಗಿ ಪಡೆದನೋ ಎಂಬ ಅನುಮಾನ ಉಳಿಯುತ್ತದೆ. ಮೇಲಾಗಿ ಕಥೋಲಿಕರಲ್ಲಿ ವಯಸ್ಕರ ಸಿದ್ಧತೆಗೆ ತಿಂಗಳುಗಳು ಹಿಡಿಯುತ್ತವೆ. ಸಾಮಾನ್ಯವಾಗಿ ಅದು ಮುಗಿಯುವುದು ಈಸ್ಟರ್ ಹಿಂದಿನ ರಾತ್ರಿಯ ಜಾಗರಣೆಯಲ್ಲಿ, ಕ್ರಿಸ್‌ಮಸ್‌ನಲ್ಲಿ ಅಲ್ಲ.

ಇಬ್ಬರನ್ನು ಒಟ್ಟಿಗೆ ಕೂರಿಸಲು ಕಾಫಿ ಡೇಗಿಂತ ಅಡುಗೆಮನೆ ಮೇಲು. ಕಲ್‌ಕಲ್ ಎಂದರೆ ಹಿಟ್ಟಿನ ಉಂಡೆಯನ್ನು ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡಿ ಕರಿಯುವ ಹಬ್ಬದ ತಿನಿಸು. ಒಂದು ಕಿಲೋ ಹಿಟ್ಟಿನದು ಮಾಡಬೇಕೆಂದರೆ ಗೋಲಿ ಗಾತ್ರದ ನೂರಾರು ಉಂಡೆ, ಎರಡು ಮೂರು ಗಂಟೆ ಕೆಲಸ. ಕೈ ಬಿಡುವಿಲ್ಲ, ಬಾಯಿಗೆ ಬಿಡುವು. ಹಿಟ್ಟು ಒಣಗದಂತೆ ಒದ್ದೆ ಬಟ್ಟೆ ಮುಚ್ಚಿರಬೇಕು, ಸುರುಳಿಯ ಅಂಚು ಸರಿಯಾಗಿ ಕೂರದಿದ್ದರೆ ಎಣ್ಣೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಇಷ್ಟು ಗೊತ್ತಿದ್ದರೆ ಸಂಭಾಷಣೆ ತಾನಾಗಿ ಬರುತ್ತದೆ:

‘ಅಷ್ಟು ಒತ್ತಬೇಡಿ. ಗೆರೆ ಮೂಡಿದ್ರೆ ಸಾಕು.’
‘ಬಾಚಣಿಗೆ ಹೊಸದು ತಾನೇ?’
‘ಹೊಸದೇ. ಆಂಟಿ ಚೀಟಿ ಕೀಳೋದು ಮರ್ತಿದ್ದಾರೆ. ನೋಡಿ, ಇಪ್ಪತ್ತು ರೂಪಾಯಿ.’

ಪ್ರೀತಿ ಎಂಬ ಮಾತೇ ಇಲ್ಲ, ಬೇಕಾಗಿಯೂ ಇಲ್ಲ. ಹೂವಿನ ಅಚ್ಚನ್ನು ಹಿಟ್ಟಿಗೆ ಅದ್ದಿ ಕರಿಯುವ ರೋಸ್ ಕುಕೀಸ್ ಇನ್ನೂ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅಚ್ಚನ್ನು ಎಣ್ಣೆಯಲ್ಲೇ ಕಾಯಿಸಿ ಹಿಟ್ಟಿಗೆ ಮುಕ್ಕಾಲು ಭಾಗ ಮಾತ್ರ ಅದ್ದಬೇಕು. ಪೂರ್ತಿ ಮುಳುಗಿದರೆ ಮೇಲಿಂದ ಹಿಟ್ಟು ಮುಚ್ಚಿಕೊಂಡು ಬಿಡಿಸಲಾಗದು. ಹೊಸ ಅಚ್ಚು ಪಳಗುವವರೆಗೆ ಹಿಟ್ಟನ್ನು ಬಿಡುವುದಿಲ್ಲ. ಹಾಗಾಗಿ ಪಕ್ಕದ ಮನೆಯ ಹಳೆಯ ಅಚ್ಚು ಕೇಳಿಕೊಂಡು ಹೋಗುವುದಕ್ಕೆ ನಾಯಕಿಗೆ ಅಪ್ಪಟ ಕಾರಣ ಸಿಕ್ಕಿತು, ವಾಪಸು ಕೊಡಲು ಎರಡನೇ ಕಾರಣವೂ.

ಕನ್ನಡದ ಲೇಖಕರ ಕೈಲಿ ಒಂದು ಉಪಕರಣ ಇದೆ: ‘ನೀವು’ ‘ನೀನು’ ಆಗುವ ಗಳಿಗೆ. ಅದನ್ನು ಮೂರನೇ ಅಧ್ಯಾಯದಲ್ಲೇ ಖರ್ಚು ಮಾಡಬೇಡಿ. ಎಂಟೋ ಒಂಬತ್ತೋ ಬರಲಿ, ಅದೂ ಜಗಳದಲ್ಲಿ ಬಾಯಿ ತಪ್ಪಿ ಬಂದರೆ ಇನ್ನೂ ಒಳ್ಳೆಯದು. ಆಮೇಲೆ ಮತ್ತೆ ‘ನೀವು’ಗೆ ಮರಳಿದರೆ ಅದೇ ಶಿಕ್ಷೆ. ನಾಲ್ಕು ಜನರೆದುರು ಮಾತ್ರ ಕೊನೆತನಕ ‘ನೀವು’.

ವಿಶ್ವಾಸದ ಎಳೆಗೆ ಒಂದೇ ಪರೀಕ್ಷೆ: ನಂಬಿಕೆಯಿಂದಾಗಿ ಯಾರಾದರೂ ತಮಗೆ ನಷ್ಟವಾಗುವ ಒಂದು ಕೆಲಸ ಮಾಡಿದರೇ? ಮಾಡದಿದ್ದರೆ ಉಳಿದ ಪ್ರಾರ್ಥನೆಯೆಲ್ಲ ತೋರಣ. ಪ್ರಾರ್ಥಿಸಿದ ಮರುದಿನ ಸಾಲ ತೀರಿತು, ಕಾಯಿಲೆ ವಾಸಿಯಾಯಿತು ಅನ್ನಬೇಡಿ. ಪ್ರಾರ್ಥಿಸಿದವಳು ಬದಲಾಗಲಿ, ಸಾಲ ಹಾಗೇ ಇರಲಿ. ಚರ್ಚಿನಲ್ಲಿ ಗುರುಗಳು ಮಾಡುವ ಪ್ರಸಂಗ ಐದು ಸಾಲು ಮೀರಬಾರದು, ಅದನ್ನೂ ಅರ್ಧ ಕಿವಿಗೊಟ್ಟು ಕೇಳುತ್ತಿರುವವರ ಮೂಲಕ ಬರೆಯಿರಿ. ಬೈಬಲ್ ವಾಕ್ಯ ಅಧ್ಯಾಯಕ್ಕೊಂದು ದಾಟದಿರಲಿ. ಆ ಪಂಗಡ ಓದುವ ಅನುವಾದದಿಂದಲೇ ತೆಗೆದುಕೊಳ್ಳಿ.

ಊರಿನ ವಿವರ ಸುಳ್ಳಾಗದಂತೆ ನೋಡಿಕೊಳ್ಳಿ. ಹಿಮ ಬೀಳಿಸಬೇಡಿ. ಡಿಸೆಂಬರ್ ಕೊನೆಯಲ್ಲಿ ಆರರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ರಾತ್ರಿ 15–16 ಡಿಗ್ರಿ, ಸ್ವೆಟರ್ ಸಾಕು. ಕ್ರಿಸ್‌ಮಸ್ ಮರ ಎಷ್ಟೋ ಮನೆಗಳಲ್ಲಿ ಸರ್ವೆ ಮರದ ಕೊಂಬೆ. ಗಾಳಿಯಲ್ಲಿ ಕೇಕಿನ ಜೊತೆ ಸೊಗಡವರೆಯ ವಾಸನೆಯೂ ಇರುತ್ತದೆ. ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ ನಿಯಮದ ಕಡಿವಾಣ ಇರುವುದರಿಂದ ತಡವಾಗಿ ಬರುವ ಕ್ಯಾರಲ್ ತಂಡದ ಕೈಲಿ ಗಿಟಾರು ಮಾತ್ರ ಇರಲಿ. ಮಧ್ಯರಾತ್ರಿಯ ಪೂಜೆ ಮುಗಿದು ಹೊರಬಂದಾಗ ಮೆಟ್ರೊ ನಿಂತಿರುತ್ತದೆ, ಆಟೊದವರು ಹೇಳಿದ್ದೇ ರೇಟು. ಇಬ್ಬರು ನಡೆದೇ ಹೋಗಲು ಇಷ್ಟು ಸಾಕು.

ಕರಡು ಮುಗಿದ ಮೇಲೆ ಆ ಪಂಗಡದ ಒಬ್ಬರಿಗೆ, ಚರ್ಚಿನ ಒಳಹೊಕ್ಕಿರದ ಇನ್ನೊಬ್ಬರಿಗೆ ಓದಲು ಕೊಡಿ. ಮೊದಲನೆಯವರು ತಪ್ಪು ಹಿಡಿಯುತ್ತಾರೆ, ಎರಡನೆಯವರು ಎಲ್ಲಿ ಬೇಸರ ಬಂತೆಂದು ಹೇಳುತ್ತಾರೆ. ಡಿಸೆಂಬರ್ ಮೊದಲ ವಾರ ಪುಸ್ತಕ ಓದುಗರ ಕೈಸೇರಬೇಕಾದರೆ ಆಗಸ್ಟ್ ಒಳಗೆ ಬರವಣಿಗೆ ಮುಗಿಸಿ. ಕರಡು ತಿದ್ದುವುದು, ಮುಖಪುಟ, ಮುದ್ರಣಕ್ಕೆ ಮೂರು ತಿಂಗಳು ಸುಲಭವಾಗಿ ಹೋಗುತ್ತವೆ, ಮತ್ತು ನವೆಂಬರ್‌ನಲ್ಲಿ ರಾಜ್ಯೋತ್ಸವದ ಪುಸ್ತಕಗಳಿಂದ ಪ್ರೆಸ್‌ಗಳಿಗೆ ಪುರುಸೊತ್ತಿರುವುದಿಲ್ಲ.