ಕ್ಲಬ್ಬಿನ ಫೋನ್ ಪ್ಯಾಚನ್ನು ಹೊಸದಾಗಿ ಕಟ್ಟಿದ ಬಗೆ

ಪುಣೆಯ ನಮ್ಮ ಹವ್ಯಾಸಿ ರೇಡಿಯೊ ಕ್ಲಬ್ಬಿನಲ್ಲಿ ಕನ್ನಡದವರೇ ಹೆಚ್ಚು. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಕಡೆಯಿಂದ ಬಂದು ಪಿಂಪ್ರಿ-ಚಿಂಚವಡದ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರು ಕೆಲವರು, ಈಗಿನ ಸಾಫ್ಟ್‌ವೇರ್ ಕಂಪನಿಗಳ ಹುಡುಗರು ಕೆಲವರು. ಕ್ಲಬ್ಬಿನ ಕಟ್ಟಡದಲ್ಲಿ ಹಳೆಯದೊಂದು ಇಂಟರ್‌ಕಾಮ್ ಎಕ್ಸ್‌ಚೇಂಜ್ ಇದೆ. ಆ ಎಕ್ಸ್‌ಚೇಂಜಿಗೂ ಎರಡು ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಸುತ್ತಲಿನ ಹವ್ಯಾಸಿ ಆವರ್ತನಗಳ) ರೇಡಿಯೊ ಸೆಟ್ಟಿಗೂ ನಡುವೆ ಕುಳಿತು, ಕೋಣೆಯ ಫೋನಿನಲ್ಲಿ ಆಡಿದ ಮಾತನ್ನು ಗಾಳಿಗೆ, ಗಾಳಿಯಲ್ಲಿ ಬಂದ ಮಾತನ್ನು ಫೋನಿಗೆ ದಾಟಿಸುವ ಪೆಟ್ಟಿಗೆಯೇ ಫೋನ್ ಪ್ಯಾಚ್. ಆಷಾಢ ಏಕಾದಶಿಗೆ ಪಂಢರಪುರ ಸೇರಲು ಆಳಂದಿಯಿಂದ ಜ್ಞಾನೇಶ್ವರರ ಪಾಲ್ಖಿ (ಪಾದುಕೆಗಳ ಪಲ್ಲಕ್ಕಿ ಮೆರವಣಿಗೆ), ದೇಹೂವಿನಿಂದ ತುಕಾರಾಮರ ಪಾಲ್ಖಿ ಪುಣೆಗೆ ಬಂದು, ಇಲ್ಲಿಂದ ಒಂದು ದಿವೆ ಘಾಟ್ ಹತ್ತಿ ಸಾಸವಡಕ್ಕೂ ಇನ್ನೊಂದು ಲೋಣಿ ಕಾಳಭೋರದ ಕಡೆಗೂ ಸಾಗುವಾಗ, ದಾರಿಯುದ್ದಕ್ಕೂ ನಿಲ್ಲುವ ನಮ್ಮ ಸದಸ್ಯರಿಗೆ ಈ ಪ್ಯಾಚ್ ಬಹಳ ಉಪಯೋಗಕ್ಕೆ ಬರುತ್ತದೆ. ಜನಸಂದಣಿಯಲ್ಲಿ ಮೊಬೈಲ್ ಕರೆ ಸಿಗುವುದು ಕಷ್ಟ; ಕ್ಲಬ್ಬಿನಲ್ಲಿ ನಕಾಶೆ ಹಾಸಿಕೊಂಡು ಕುಳಿತವರು ರೇಡಿಯೊ ಕೋಣೆಗೆ ಓಡಿ ಬರಬೇಕಾದ ಅಗತ್ಯವಿಲ್ಲದೆ ತಮ್ಮ ಮೇಜಿನ ಫೋನಿನಿಂದಲೇ ಘಾಟಿನಲ್ಲಿರುವವರೊಡನೆ ಮಾತನಾಡಬಹುದು.

ಈ ಪ್ಯಾಚನ್ನು ಸಾರ್ವಜನಿಕ ದೂರವಾಣಿ ಜಾಲಕ್ಕೆ ತಾಗಿಸಬಾರದೆಂದು ಮೊದಲಿನಿಂದಲೂ ನಾವು ನಿಯಮ ಇಟ್ಟುಕೊಂಡಿದ್ದೇವೆ. ಎಕ್ಸ್‌ಚೇಂಜ್ ಕಟ್ಟಡದೊಳಗಿನದು, ಹೊರಗಿನ ಲೈನು ಅದಕ್ಕಿಲ್ಲ, ಪ್ಯಾಚ್ ತೆರೆಯುವ ಎಕ್ಸ್‌ಟೆನ್ಷನ್‌ಗಳ ಮುಂದೆ ಪರವಾನಗಿ ಇರುವವರೇ ಕೂರುತ್ತಾರೆ. ಈ ಕಟ್ಟುಪಾಡನ್ನು ಹೊಸ ವ್ಯವಸ್ಥೆಯಲ್ಲೂ ಸಡಿಲಿಸಲಿಲ್ಲ.

ಹಳೆಯ ಪೆಟ್ಟಿಗೆ ಎರಡು ಟ್ರಾನ್ಸ್‌ಫಾರ್ಮರುಗಳ ಹೈಬ್ರಿಡ್. ಟೆಲಿಫೋನಿನಲ್ಲಿ ಹೋಗುವ ಮಾತು, ಬರುವ ಮಾತು ಎರಡೂ ಒಂದೇ ಜೋಡಿ ತಂತಿಯ ಮೇಲೆ ಓಡುತ್ತವೆ. ರೇಡಿಯೊದಲ್ಲಾದರೋ ಮೈಕಿನ ದಾರಿ ಬೇರೆ, ಸ್ಪೀಕರಿನ ದಾರಿ ಬೇರೆ. ಹೈಬ್ರಿಡ್ಡಿನ ಕೆಲಸ ಇವೆರಡನ್ನೂ ಬೇರ್ಪಡಿಸುವುದು. ಲೈನಿನ ಪ್ರತಿರೋಧಕ್ಕೆ ಸರಿಸಮನಾದ ಇನ್ನೊಂದು ಜಾಲವನ್ನು ಎದುರು ಬದಿಗೆ ಕಟ್ಟಿದಾಗ ಮಾತ್ರ ಆ ಬೇರ್ಪಡೆ ಶುದ್ಧವಾಗುತ್ತದೆ. ಪುಸ್ತಕದ ಪ್ರಕಾರ ಲೈನು 600 ಓಮ್, ಆದರೆ ನಿಜವಾದ ತಂತಿ ಎಲ್ಲ ಆವರ್ತನಗಳಲ್ಲೂ ಹಾಗೆ ನಡೆದುಕೊಳ್ಳುವುದಿಲ್ಲ. ಸಾವಿರ ಹರ್ಟ್ಸಿನ ನಾದವೊಂದನ್ನು ಒಳಗೆ ಬಿಟ್ಟು, ಇಯರ್‌ಫೋನ್ ಕಿವಿಗಿಟ್ಟುಕೊಂಡು, ಆ ಜಾಲದ ಪ್ರತಿರೋಧ ಬದಲಿಸುವ ಪ್ರಿಸೆಟ್ಟನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಕೂದಲೆಳೆಯಷ್ಟು ತಿರುಗಿಸುತ್ತಾ ಹೋದರೆ ಒಂದು ಕಡೆ ನಾದ ತಟ್ಟನೆ ಕುಗ್ಗುತ್ತದೆ. ಅದನ್ನು ದಾಟಿದರೆ ಮತ್ತೆ ಏರುತ್ತದೆ. ಆ ಬಿಂದುವಿನಲ್ಲಿ ನಿಲ್ಲಿಸಿ ಬಂದರೂ ಬೇರೊಂದು ಎಕ್ಸ್‌ಟೆನ್ಷನ್ನಿನವರು ಮಾತಿಗೆ ಸೇರಿದರೆ ಸಮತೋಲ ತಪ್ಪುತ್ತಿತ್ತು.

ಇದಾದರೂ ಸಹಿಸಬಹುದಾದ ತೊಂದರೆ. ನಿಜವಾದ ತೊಂದರೆ ಇದ್ದದ್ದು ಟ್ರಾನ್ಸ್‌ಮಿಟರಿನ ಹಿಡಿತ ಯಾರ ಕೈಯಲ್ಲಿದೆ ಎಂಬುದರಲ್ಲಿ. ಫೋನಿನಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಬಹುದು. ಒಂದೇ ಆವರ್ತನದಲ್ಲಿ ನಡೆಯುವ ನಮ್ಮ ರೇಡಿಯೊದಲ್ಲಿ ಒಬ್ಬರು ಬಿಟ್ಟ ಮೇಲೆ ಇನ್ನೊಬ್ಬರು. ಹಳೆಯ ಪೆಟ್ಟಿಗೆ ಇದನ್ನು ವಾಕ್ಸ್ ಮೂಲಕ, ಅಂದರೆ ದನಿ ಕೇಳಿದೊಡನೆ ಟ್ರಾನ್ಸ್‌ಮಿಟರ್ ತಾನೇ ಎದ್ದುಕೊಳ್ಳುವ ಮಂಡಲದ ಮೂಲಕ ನಿಭಾಯಿಸುತ್ತಿತ್ತು. ಅದು ಏಳುವಷ್ಟರಲ್ಲಿ ಮೊದಲ ಅಕ್ಷರ ಕಳೆದುಹೋಗಿ, ಫೋನಿನವರು 'ಸಾಸವಡ' ಎಂದರೆ ಗಾಳಿಯಲ್ಲಿ ಹೋಗುತ್ತಿದ್ದದ್ದು 'ಸವಡ'. ಫೋನಿನ ಬಳಿ ಫ್ಯಾನ್ ಜೋರಾಗಿ ತಿರುಗಿದರೂ, ಯಾರಾದರೂ ಕೆಮ್ಮಿದರೂ ಟ್ರಾನ್ಸ್‌ಮಿಟರ್ ಏಳುತ್ತಿತ್ತು. ಅದು ಎದ್ದಿರುವಷ್ಟು ಹೊತ್ತು ನಮ್ಮ ಸೆಟ್ಟು ಕಿವುಡು. ಘಾಟಿನಲ್ಲಿರುವವರು ತುರ್ತು ಸುದ್ದಿ ಹೇಳಲು ಎಷ್ಟು ಪ್ರಯತ್ನಪಟ್ಟರೂ ಕೇಳಿಸದು. ಹೀಗಾಗಿ ನವೀಕರಣವೆಂದರೆ ದನಿಯ ಗುಣಮಟ್ಟ ಹೆಚ್ಚಿಸುವುದಲ್ಲ, ವಾಕ್ಸನ್ನು ತೆಗೆದುಹಾಕುವುದು ಎಂಬ ನಿರ್ಧಾರಕ್ಕೆ ನಾನು ಬಂದೆ. ಹೊಸ ಹೈಬ್ರಿಡ್ ಕಟ್ಟಿದರೆ ಸಾಕೆನ್ನುವ ಹಿರಿಯರು ನಮ್ಮಲ್ಲಿದ್ದರು. ಅವರೊಡನೆ ಈ ವಿಷಯದಲ್ಲಿ ಸಾಕಷ್ಟು ಚರ್ಚೆಯಾಯಿತು.

ಆಯ್ದುಕೊಂಡದ್ದು ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಮೇಲೆ ಓಡುವ ಆಸ್ಟರಿಸ್ಕ್. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಆರಂಭಿಸಿದ ಈ ಮುಕ್ತ ತಂತ್ರಾಂಶ ಮೂಲತಃ ಒಂದು ಟೆಲಿಫೋನ್ ಎಕ್ಸ್‌ಚೇಂಜ್. ಅದರೊಳಗೆ ರೇಡಿಯೊ ನಡೆಸುವ ಆಪ್-ಆರ್‌ಪಿಟಿ ಎಂಬ ಭಾಗವನ್ನು ಬರೆದವರು ಡಬ್ಲ್ಯುಬಿ6ಎನ್‌ಐಎಲ್ ಎಂಬ ಕರೆಸಂಕೇತದ ಅಮೆರಿಕದ ಹ್ಯಾಮ್ (ಹವ್ಯಾಸಿ ರೇಡಿಯೊಗಾರ) ಜಿಮ್ ಡಿಕ್ಸನ್. ಬಿಡಿಭಾಗಗಳೆಲ್ಲ ಬುಧವಾರ ಪೇಟೆಯಲ್ಲೇ ಸಿಕ್ಕವು; ಮುಂಬಯಿಯ ಲ್ಯಾಮಿಂಗ್ಟನ್ ರೋಡಿನವರೆಗೆ ಹೋಗಬೇಕಾಗಲಿಲ್ಲ.

ರೇಡಿಯೊ ಬದಿಗೆ ನಮ್ಮಲ್ಲಿದ್ದದ್ದು ಹಳೆಯ ಮೊಟೊರೊಲಾ ಜಿಎಂ300. ಅದರ ಬೆನ್ನಿಗೆ 16 ಪಿನ್ನಿನ ಕನೆಕ್ಟರ್ ಇದೆ: ಪಿನ್ 2ಕ್ಕೆ ಹೊರಗಿನ ಮೈಕಿನ ದನಿ, 3ಕ್ಕೆ ಪಿಟಿಟಿ (ಟ್ರಾನ್ಸ್‌ಮಿಟರನ್ನು ಎಬ್ಬಿಸುವ ತಂತಿ), 7 ನೆಲ (ಗ್ರೌಂಡ್), 8ರಲ್ಲಿ ಕ್ಯಾರಿಯರ್ (ಮಾತನ್ನು ಹೊತ್ತು ತರುವ ರೇಡಿಯೊ ಅಲೆ) ಬಂದಿದೆ ಎಂಬ ಸೂಚನೆ, 11ರಲ್ಲಿ ಗ್ರಾಹಕದ ದನಿ. ಈ ಎಂಟನೆಯ ಪಿನ್ನೇ ನಮ್ಮ ಇಡೀ ಕೆಲಸದ ಆಧಾರ. ದನಿ ಕೇಳಿತೋ ಇಲ್ಲವೋ ಎಂದು ಊಹಿಸುವ ಬದಲು, ಎದುರಿನವರ ಕ್ಯಾರಿಯರ್ ಗಾಳಿಯಲ್ಲಿ ಇದೆಯೇ ಎಂಬುದನ್ನು ಸೆಟ್ಟೇ ನೇರವಾಗಿ ಹೇಳುತ್ತದೆ. ಪೈಗೆ ಸಿಎಂ108 ಚಿಪ್ಪಿನ ಯುಎಸ್‌ಬಿ ಸೌಂಡ್ ಕಾರ್ಡ್ ಹಾಕಿದೆ. ಈ ಅಗ್ಗದ ಚಿಪ್ಪಿನಲ್ಲಿ ದನಿಯ ಜೊತೆಗೆ ತಂತ್ರಾಂಶದಿಂದ ನಡೆಸಬಹುದಾದ ಜಿಪಿಐಒ ಪಿನ್ ಇದ್ದು ಅದರಿಂದ ಪಿಟಿಟಿ ಎಳೆಯಬಹುದು; ದನಿ ತಗ್ಗಿಸುವ ಗುಂಡಿಗೆಂದು ಇಟ್ಟ ಪಿನ್ನನ್ನು ಕ್ಯಾರಿಯರ್ ಸೂಚನೆಗೆ ಬಳಸಿಕೊಳ್ಳಬಹುದು. ಬೆಸುಗೆಯ ಕೆಲಸ ಮಾತ್ರ ಕಣ್ಣಿಗೆ ಶಿಕ್ಷೆ. ಚಿಪ್ಪಿನ ಕಾಲುಗಳು ಎಷ್ಟು ಒತ್ತೊತ್ತಾಗಿವೆಯೆಂದರೆ, ಹಳೆಯ ಟ್ರಾನ್ಸ್‌ಫಾರ್ಮರಿನಿಂದ ಬಿಚ್ಚಿದ ಎನಾಮಲ್ ತಂತಿಯ ಒಂದೊಂದೇ ಎಳೆಯನ್ನು ಭೂತಗನ್ನಡಿಯ ಕೆಳಗೆ ಅಂಟಿಸಿ, ಅದು ಕೀಳದಂತೆ ಮೇಲೊಂದು ಹನಿ ಬಿಸಿ ಅಂಟನ್ನು ಹಾಕಬೇಕಾಯಿತು. ಪಿಟಿಟಿಗೆ ನಡುವೆ ಒಂದು ಟ್ರಾನ್ಸಿಸ್ಟರ್ ಇಟ್ಟೆ. ದನಿಯ ಎರಡು ದಾರಿಗಳಲ್ಲೂ 600 ಓಮಿನ 1:1 ಅನುಪಾತದ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿದಾಗ ಹಳೆಯ ಪೆಟ್ಟಿಗೆಯ 50 ಹರ್ಟ್ಸ್ ಗುಂಯ್‌ಗುಡುವಿಕೆ ನಿಂತಿತು.

ಫೋನಿನ ಬದಿಗೆ ಎಕ್ಸ್‌ಚೇಂಜಿನ ಒಂದು ಎಕ್ಸ್‌ಟೆನ್ಷನ್ನಿನ ತಂತಿಯನ್ನು ಎಫ್‌ಎಕ್ಸ್‌ಒ ಗೇಟ್‌ವೇ ಒಂದಕ್ಕೆ, ಅಂದರೆ ಫೋನಿನ ತಂತಿಯನ್ನು ಕಂಪ್ಯೂಟರಿನ ಜಾಲಕ್ಕೆ ಜೋಡಿಸುವ ಪೆಟ್ಟಿಗೆಗೆ, ಕೊಟ್ಟೆ. ಹೈಬ್ರಿಡ್ ಅದರ ಚಿಪ್ಪಿನೊಳಗೇ ಇದೆ, ಪ್ರತಿಧ್ವನಿ ಅಳಿಸುವ ಲೆಕ್ಕವೂ ಇದೆ. ಪ್ರಿಸೆಟ್ ತಿರುಗಿಸುವ ಸುಖ ಹೋಯಿತಷ್ಟೆ. ಕರೆ ಹೋಗುತ್ತಿತ್ತು, ಬರುತ್ತಿತ್ತು, ದನಿ ಸ್ವಚ್ಛವಾಗಿತ್ತು. ಆದರೆ ಫೋನಿನವರು ಮಾತು ಮುಗಿಸಿ ರಿಸೀವರ್ ಇಟ್ಟರೂ ಗೇಟ್‌ವೇಗೆ ಅದು ತಿಳಿಯುತ್ತಿರಲಿಲ್ಲ. ಎಕ್ಸ್‌ಚೇಂಜ್ ನಮ್ಮ ತಂತಿಯ ಮೇಲೆ ಎಂಗೇಜ್ ಟೋನ್ ಬಿಡುತ್ತಿತ್ತು, ಗೇಟ್‌ವೇ ಅದನ್ನೂ ಮಾತೆಂದೇ ತಿಳಿದು ಸಾಗಿಸುತ್ತಿತ್ತು. ಟ್ರಾನ್ಸ್‌ಮಿಟರ್ ಎದ್ದಿರುವಾಗ ಹೀಗಾದರೆ ಎಂಗೇಜ್ ಟೋನ್ ಎರಡು ಮೀಟರ್ ಬ್ಯಾಂಡಿನಲ್ಲಿ ಪ್ರಸಾರವಾಗುತ್ತಿತ್ತು. ಕಾರಣ ಹುಡುಕಿದಾಗ ಗೇಟ್‌ವೇ ಕಾರ್ಖಾನೆಯಿಂದ ಬರುವಾಗಲೇ ಅಮೆರಿಕದ ಲೆಕ್ಕಕ್ಕೆ ಹೊಂದಿಸಲ್ಪಟ್ಟಿತ್ತು ಎಂದು ತಿಳಿಯಿತು. ಅಲ್ಲಿನ ಎಂಗೇಜ್ ಟೋನ್ 480 ಮತ್ತು 620 ಹರ್ಟ್ಸಿನ ಎರಡು ನಾದಗಳ ಜೋಡಿ, ಅರ್ಧ ಸೆಕೆಂಡು ಇದ್ದು ಅರ್ಧ ಸೆಕೆಂಡು ಇಲ್ಲದಿರುವುದು. ನಮ್ಮ ದೇಶದ್ದು 400 ಹರ್ಟ್ಸಿನ ಒಂಟಿ ನಾದ, ಮುಕ್ಕಾಲು ಸೆಕೆಂಡು ಇದ್ದು ಮುಕ್ಕಾಲು ಸೆಕೆಂಡು ಮೌನ. ಇಂಟರ್‌ಕಾಮ್ ಎಕ್ಸ್‌ಚೇಂಜುಗಳು ಈ ಲೆಕ್ಕವನ್ನು ಪಾಲಿಸಿಯೇ ಪಾಲಿಸುತ್ತವೆ ಎಂಬ ಭರವಸೆ ಇಲ್ಲದ್ದರಿಂದ, ನಮ್ಮದರ ಟೋನನ್ನು ಲ್ಯಾಪ್‌ಟಾಪಿಗೆ ರೆಕಾರ್ಡ್ ಮಾಡಿಕೊಂಡು, ತೆರೆಯ ಮೇಲೆ ಅಲೆಗಳನ್ನು ಹಿಗ್ಗಿಸಿ ಅಳೆದು ನೋಡಿದೆ. ಆವರ್ತನವೂ ಅವಧಿಯೂ ದೇಶದ ಲೆಕ್ಕಕ್ಕೇ ಬಂದವು. ಅವನ್ನು ಗೇಟ್‌ವೇಯಲ್ಲಿ ತುಂಬಿದ ಮೇಲೆ, ಎರಡು ಮೂರು ಬಾರಿ 'ಪೊಂಯ್' ಎನ್ನುವಷ್ಟರಲ್ಲಿ ಲೈನು ತಾನೇ ಬಿಡುಗಡೆಯಾಗತೊಡಗಿತು. ಇದರ ಮೇಲೊಂದು ಕಾವಲೆಂದು, ಯಾವ ಕಾರಣಕ್ಕೇ ಆಗಲಿ ಟ್ರಾನ್ಸ್‌ಮಿಟರ್ ಮೂರು ನಿಮಿಷಕ್ಕಿಂತ ಹೆಚ್ಚು ಎದ್ದಿರಬಾರದೆಂಬ ಗಡುವನ್ನು ಆಪ್-ಆರ್‌ಪಿಟಿಯಲ್ಲಿ 180000 ಮಿಲಿಸೆಕೆಂಡು ಎಂದು ಬರೆದಿಟ್ಟೆ.

ಟ್ರಾನ್ಸ್‌ಮಿಟರಿನ ಹಿಡಿತಕ್ಕೆ ಆಪ್-ಆರ್‌ಪಿಟಿ ಕೊಡುವ ಉಪಾಯ ಸರಳ. ಫೋನಿನವರು ಸ್ಟಾರ್ 99 ಒತ್ತಿದರೆ ಟ್ರಾನ್ಸ್‌ಮಿಟರ್ ಏಳುತ್ತದೆ, ಹ್ಯಾಶ್ ಒತ್ತಿದರೆ ಇಳಿಯುತ್ತದೆ. ಮೈಕಿನ ಗುಂಡಿ ಒತ್ತಿ ಬಿಡುವ ಅಭ್ಯಾಸವೇ ಫೋನಿನ ಕೀಲಿಗಳಿಗೆ ಬಂದಂತೆ. ಫ್ಯಾನಿಗೂ ಕೆಮ್ಮಿಗೂ ಇನ್ನು ಅಧಿಕಾರವಿಲ್ಲ. ಅಭ್ಯಾಸದ ಸಂಜೆಗಳಲ್ಲಿ ಎಲ್ಲರೂ 99 ಒತ್ತುವುದನ್ನು ಬೇಗ ಕಲಿತರು, ಹ್ಯಾಶ್ ಮರೆಯುತ್ತಿದ್ದರು. 'ಓವರ್' ಎಂದು ಹೇಳಿ ಉತ್ತರಕ್ಕೆ ಕಾಯುತ್ತಾ ಕುಳಿತ ಹಿರಿಯರಿಗೆ ಹುಡುಗನೊಬ್ಬ ಬಾಗಿಲಲ್ಲಿ ನಿಂತು "ಕಾಕಾ, ಹ್ಯಾಶ್ ಒತ್ರಿ, ಆಮ್ಯಾಲೆ ಕೇಳಸ್ತದ" ಎಂದು ಕೂಗಿ ಹೇಳಬೇಕಾಗುತ್ತಿತ್ತು. ಪ್ರತಿ ಫೋನಿನ ಮೇಲೂ ಈ ಎರಡು ಕೀಲಿಗಳ ಚೀಟಿ ಅಂಟಿಸಿದ್ದೇವೆ.

ಘಾಟಿನ ಕಡೆಯಿಂದ ಕರೆ ಮಾಡಬೇಕಾದರೆ ಹ್ಯಾಂಡ್‌ಸೆಟ್ಟಿನ ಕೀಲಿಗಳಲ್ಲಿ ಸ್ಟಾರ್ 6 ಮತ್ತು ಎಕ್ಸ್‌ಟೆನ್ಷನ್ ಸಂಖ್ಯೆ ಒತ್ತಬೇಕು, ಮುಗಿಸಲು ಸ್ಟಾರ್ 0. ಈ ದಾರಿಯಲ್ಲಿ ಮಾತ್ರ ತಂತ್ರಾಂಶವು ಇನ್ನೂ ವಾಕ್ಸನ್ನೇ ಬಳಸುತ್ತದೆ. ಆದರೆ ಫೋನಿನ ಮಾತನ್ನು ಕ್ಷಣಕಾಲ ಸ್ಮೃತಿಯಲ್ಲಿ ಹಿಡಿದಿಟ್ಟು, ಟ್ರಾನ್ಸ್‌ಮಿಟರ್ ಎದ್ದ ಮೇಲೆ ಬಿಡುವುದರಿಂದ ಮೊದಲ ಅಕ್ಷರ ನುಂಗಿ ಹೋಗುವುದಿಲ್ಲ. ಹಾಗಿದ್ದರೂ ಫ್ಯಾನಿನ ತೊಂದರೆ ಇಲ್ಲಿ ಉಳಿದೇ ಇದೆ. ಆದ್ದರಿಂದ ಘಾಟಿನವರು ಸ್ಟಾರ್ 6ರಿಂದ ಗಂಟೆ ಬಾರಿಸಿ ಯಾರನ್ನಾದರೂ ಎಬ್ಬಿಸುವುದು, ಕರೆ ಎತ್ತಿದವರು ಅದನ್ನು ಕಡಿದು ತಾವೇ ಪ್ಯಾಚಿಗೆ ಕರೆ ಮಾಡಿ 99ರಿಂದ ಮಾತು ಮುಂದುವರಿಸುವುದು ಎಂಬ ಪದ್ಧತಿ ಮಾಡಿಕೊಂಡಿದ್ದೇವೆ.

ವಿದ್ಯುತ್ತಿನ ವಿಚಾರ ಚಿಕ್ಕದು. ರೇಡಿಯೊಗೆ ಇದ್ದ 12 ವೋಲ್ಟಿನ ಬ್ಯಾಟರಿಯಿಂದಲೇ ಬಕ್ ಕನ್ವರ್ಟರ್ ಮೂಲಕ ಪೈಗೆ 5 ವೋಲ್ಟ್ ಕೊಟ್ಟೆ. ಆ ಕನ್ವರ್ಟರಿನ ವಿದ್ಯುತ್ ಗದ್ದಲ 145 ಮೆಗಾಹರ್ಟ್ಸಿನಲ್ಲಿ ಸ್ಕ್ವೆಲ್ಚನ್ನೇ (ಯಾರೂ ಮಾತನಾಡದಾಗ ದನಿಯನ್ನು ಮುಚ್ಚಿಡುವ ಮಂಡಲವನ್ನೇ) ತೆರೆಯುತ್ತಿದ್ದುದರಿಂದ ಅದನ್ನು ಲೋಹದ ಡಬ್ಬಿಯೊಳಗೆ ಹಾಕಿ, ಹೊರಬರುವ ತಂತಿಗಳಿಗೂ ಯುಎಸ್‌ಬಿ ತಂತಿಗೂ ಗದ್ದಲ ತಡೆಯುವ ಫೆರೈಟ್ ತೊಡಿಸಿದೆ. ಪೈನ ಎಸ್‌ಡಿ ಕಾರ್ಡ್ ಕೈಕೊಡುವುದು ಹೊಸತಲ್ಲವಾದ್ದರಿಂದ ಅದರ ಯಥಾಪ್ರತಿಯೊಂದನ್ನು ಪೆಟ್ಟಿಗೆಯ ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ. ಹಳೆಯ ಹೈಬ್ರಿಡ್ಡನ್ನೂ ಬಿಚ್ಚಿಲ್ಲ: ಪೈ ಪೂರ್ತಿ ನಿಂತುಹೋದರೆ ಒಂದೇ ಸ್ವಿಚ್ಚು ಫೋನಿನ ತಂತಿ, ದನಿಯ ತಂತಿ, ಪಿಟಿಟಿ ಮೂರನ್ನೂ ಅದಕ್ಕೆ ತಿರುಗಿಸುತ್ತದೆ, ಮತ್ತು ಆ ಬದಲಾವಣೆಯನ್ನು ಪ್ರತಿ ಪಾಲ್ಖಿಗೂ ಮುಂಚೆ ಒಮ್ಮೆ ಮಾಡಿ ನೋಡುತ್ತೇವೆ.